ಮಿನಿ ಸ್ಟ್ರೋಕ್ ಆದಮೇಲೆ ಮಾತು ತಡವರಿಸುತ್ತಿದೆಯೇ? ಮನೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಬೆಳಿಗ್ಗೆ ಆರೂವರೆ ಗಂಟೆ. ಅಪ್ಪ ಕಾಫಿ ಲೋಟ ಕೈಯಲ್ಲಿ ಹಿಡಿದು ಅಮ್ಮನ ಕಡೆ ನೋಡಿ, "ಸ್ವಲ್ಪ ಬಾಗಿಲು ಹಾಕು" ಅಂದರು. ಅಮ್ಮ ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಅಪ್ಪನಿಗೆ ಸಿಟ್ಟು ಬಂತು. ಲೋಟ ಮುಂದೆ ಚಾಚಿ, "ಬಾಗಿಲು, ಬಾಗಿಲು ಕಣೇ" ಅಂದರು. ಅವರಿಗೆ ಬೇಕಾಗಿದ್ದದ್ದು ಸಕ್ಕರೆ.

ಇಪ್ಪತ್ತು ನಿಮಿಷದಲ್ಲಿ ಮಾತು ಸರಿಯಾಯಿತು. ಪಿತ್ತ ಏರಿರಬೇಕು ಎಂದು ಅಮ್ಮ ನಿಂಬೆ ಶರಬತ್ತು ಮಾಡಿ ಕೊಟ್ಟರು. ನಾನೂ ಫೋನಿನಲ್ಲಿ "ಸ್ವಲ್ಪ ರೆಸ್ಟ್ ತಗೊಳ್ಳಿ ಅಪ್ಪ" ಅಂದು ಸುಮ್ಮನಾದೆ. ಮೂರನೇ ದಿನ ಮತ್ತೆ ಅದೇ ಆಯಿತು. ಈ ಸಲ ಪೂರ್ತಿ ಸರಿಹೋಗಲಿಲ್ಲ.

ಆ ಮೂರು ದಿನದಲ್ಲಿ ನಾವು ಏನು ಮಾಡಬೇಕಿತ್ತು, ಆಮೇಲೆ ಅಪ್ಪನ ಜೊತೆ ಮಾತಾಡುವುದನ್ನು ನಾವೆಲ್ಲ ಹೇಗೆ ಹೊಸದಾಗಿ ಕಲಿತೆವು ಎನ್ನುವುದೇ ಈ ಬರಹ. ನಾನು ಡಾಕ್ಟರಲ್ಲ. ಮಾತ್ರೆ, ಡೋಸು ಇವೆಲ್ಲ ನಿಮ್ಮ ಡಾಕ್ಟರ ಹತ್ತಿರವೇ ಕೇಳಬೇಕು. ಮನೆಯವರು ಮಾಡಬಹುದಾದದ್ದು ಬೇಕಾದಷ್ಟಿದೆ, ಅದನ್ನು ಇಲ್ಲಿ ಹೇಳುತ್ತೇನೆ.

ಮಿನಿ ಸ್ಟ್ರೋಕ್ ಅಂದರೆ ಏನು

ಮಿದುಳಿಗೆ ಹೋಗುವ ರಕ್ತನಾಳದಲ್ಲಿ ಸಣ್ಣ ಹೆಪ್ಪು ಸಿಕ್ಕಿಕೊಳ್ಳುತ್ತದೆ. ಆ ಭಾಗಕ್ಕೆ ರಕ್ತ ಸಿಗುವುದಿಲ್ಲ. ಹೆಪ್ಪು ತಾನೇ ಕರಗಿಯೋ ಸರಿದೋ ಹೋದರೆ ಮಾತು, ಕೈ, ಕಾಲು ಎಲ್ಲ ಮೊದಲಿನಂತೆ ಆಗುತ್ತವೆ. ಡಾಕ್ಟರು ಇದನ್ನು ಟಿಐಎ ಎನ್ನುತ್ತಾರೆ. ಹೆಚ್ಚಿನವು ಒಂದು ಗಂಟೆಯೊಳಗೆ ಮುಗಿಯುತ್ತವೆ. ಮೊದಲೆಲ್ಲ 24 ಗಂಟೆಯೊಳಗೆ ಸರಿಯಾದರೆ ಟಿಐಎ ಎಂಬ ಲೆಕ್ಕವಿತ್ತು. ಈಗ ಸ್ಕ್ಯಾನ್‌ನಲ್ಲಿ ಮಿದುಳಿಗೆ ಪೆಟ್ಟು ಕಾಣುತ್ತದೆಯೇ ಇಲ್ಲವೇ ಎಂದು ನೋಡಿ ಹೇಳುತ್ತಾರೆ.

ಈ ವ್ಯತ್ಯಾಸ ನಮಗೂ ಮುಖ್ಯ. "ಮಿನಿ ಸ್ಟ್ರೋಕ್ ಆಗಿತ್ತಂತೆ, ತಿಂಗಳಾಯಿತು, ಇನ್ನೂ ಪದ ಸಿಗುವುದಿಲ್ಲ" ಎನ್ನುವವರಲ್ಲಿ ಕೆಲವರಿಗೆ ನಿಜವಾಗಿ ಆಗಿರುವುದು ಚಿಕ್ಕದೊಂದು ಸ್ಟ್ರೋಕ್. ಅಪ್ಪನಿಗೆ ಆದದ್ದೂ ಅದೇ. ಮೊದಲನೆಯದು ಎಚ್ಚರಿಕೆ, ಎರಡನೆಯದು ಪೆಟ್ಟು. ಹಾಗಾಗಿ ಮಾತಿನ ತೊಂದರೆ ಉಳಿದುಬಿಟ್ಟಿದ್ದರೆ ನರರೋಗ ತಜ್ಞರಿಗೆ ಇನ್ನೊಮ್ಮೆ ತೋರಿಸಿ. ಎಂಆರ್‌ಐ ಆಗಿಲ್ಲದಿದ್ದರೆ ಅದರ ಬಗ್ಗೆ ಕೇಳಿ. ಸ್ಕ್ಯಾನ್ ಚೆನ್ನಾಗಿದ್ದರೂ ಕೆಲವರಿಗೆ ವಾರಗಟ್ಟಲೆ ಸುಸ್ತು, ಗಮನ ನಿಲ್ಲದಿರುವುದು, ಗುಂಪಿನಲ್ಲಿ ಮಾತು ಸಿಕ್ಕಿಕೊಳ್ಳುವುದು ಇರುತ್ತದೆ. ಅದು ನಾಟಕವಲ್ಲ, ಸೋಮಾರಿತನವೂ ಅಲ್ಲ.

ಹಂತ 1: ಆ ಹೊತ್ತಿನಲ್ಲಿ ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ

ಮಾತು ಇದ್ದಕ್ಕಿದ್ದಂತೆ ಕೆಟ್ಟರೆ ಮೂರು ಕೆಲಸ ಮಾಡಿಸಿ. ನಗಲು ಹೇಳಿ, ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆಯೇ ನೋಡಿ. ಎರಡೂ ಕೈ ಮುಂದೆ ಎತ್ತಿ ಹಿಡಿಯಲು ಹೇಳಿ, ಒಂದು ಕೈ ಕೆಳಗಿಳಿಯುತ್ತದೆಯೇ ನೋಡಿ. ಆಮೇಲೆ ಒಂದು ಸಣ್ಣ ವಾಕ್ಯ ಹೇಳಿಸಿ. "ನಾಳೆ ನಮ್ಮ ಮನೆಗೆ ನೆಂಟರು ಬರುತ್ತಾರೆ" ಅಂತ ಏನಾದರೂ. ತೊದಲಿದರೆ, ಪದ ಅದಲುಬದಲಾದರೆ, ನೀವು ಹೇಳಿದ್ದೇ ಅರ್ಥವಾಗದೆ ಮುಖ ನೋಡಿದರೆ ಮುಂದಿನ ಪರೀಕ್ಷೆಗೆ ಕಾಯಬೇಡಿ. ದಿಢೀರನೆ ಕಣ್ಣು ಮಂಜಾಗುವುದು, ಓಲಾಡುವುದು ಕೂಡ ಇದೇ ಗುಂಪಿನ ಲಕ್ಷಣಗಳು. ಅಪ್ಪನ ಬಾಯಿ ಸೊಟ್ಟಗಾಗಲಿಲ್ಲ, ಕೈ ಬೀಳಲಿಲ್ಲ. ಬರೀ ಮಾತು ಕೆಟ್ಟಿತ್ತು. ಅದೊಂದೇ ಇದ್ದರೂ ಹೊರಡಲು ಸಾಕು.

ಕೊನೆಯ ಸಲ ಅವರು ಸರಿಯಾಗಿದ್ದದ್ದು ಎಷ್ಟು ಗಂಟೆಗೆ? ಇದನ್ನು ಕೈಮೇಲಾದರೂ ಬರೆದುಕೊಳ್ಳಿ. ಆಸ್ಪತ್ರೆಯಲ್ಲಿ ಮೊದಲು ಕೇಳುವುದೇ ಇದು. ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ದೊಡ್ಡ ರಕ್ತನಾಳ ಮುಚ್ಚಿದ್ದರೆ ತಂತಿ ಹಾಕಿ ಹೆಪ್ಪು ತೆಗೆಯುವ ಚಿಕಿತ್ಸೆಯನ್ನು ಕೆಲವರಿಗೆ 24 ಗಂಟೆಯವರೆಗೂ ಮಾಡುತ್ತಾರೆ. ಆದಷ್ಟು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಅಪ್ಪ ಅಮ್ಮ ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೋದಾಗಲೂ ಹೀಗಾಗಬಹುದು. ಅಮೆರಿಕದಲ್ಲಿ 911, ಬ್ರಿಟನ್‌ನಲ್ಲಿ 999 ಎಂದು ಹಿರಿಯರಿಗೂ ಹೇಳಿಕೊಟ್ಟಿರಿ.

ಮಾಡಬಾರದ್ದು ಕೆಲವಿವೆ. ನೀರು, ಕಾಫಿ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿ ಕೆಟ್ಟಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಕೂಡ ಬೇಡ. ಒಳಗೆ ಆಗಿರುವುದು ಹೆಪ್ಪೋ ರಕ್ತಸ್ರಾವವೋ ಸ್ಕ್ಯಾನ್ ಮಾಡದೆ ಗೊತ್ತಾಗುವುದಿಲ್ಲ. ಲಕ್ವಕ್ಕೆ ಔಷಧಿ ಕೊಡುವವರ ಊರಿಗೆ ಕರೆದುಕೊಂಡು ಹೋಗೋಣ ಎನ್ನುವ ಹಿರಿಯರು ಎಲ್ಲ ಮನೆಯಲ್ಲೂ ಇರುತ್ತಾರೆ. ಅವರ ಕಾಳಜಿ ದೊಡ್ಡದು, ಆದರೆ ಆ ದಾರಿಯಲ್ಲಿ ಕಳೆಯುವ ಗಂಟೆಗಳು ಮತ್ತೆ ಸಿಗುವುದಿಲ್ಲ.

ಆಂಬುಲೆನ್ಸ್ ಬರುವಷ್ಟರಲ್ಲಿ ಮಾತು ಸರಿಯಾಯಿತು ಎಂದುಕೊಳ್ಳಿ. ಆಗಲೂ ಹೋಗಲೇಬೇಕು, ಅವತ್ತೇ. ಮಿನಿ ಸ್ಟ್ರೋಕ್ ಆದಮೇಲೆ ದೊಡ್ಡ ಸ್ಟ್ರೋಕ್ ಆಗುವ ಅಪಾಯ ಅತಿ ಹೆಚ್ಚಿರುವುದು ಮೊದಲ 48 ಗಂಟೆಯಲ್ಲಿ. ನಾವು ಶರಬತ್ತು ಕುಡಿಸಿ ಕೂತಿದ್ದದ್ದು ಅದೇ 48 ಗಂಟೆ.

ಹಂತ 2: ಆಸ್ಪತ್ರೆಯಲ್ಲಿ ನಿಮ್ಮ ಕೆಲಸ

ಸ್ಕ್ಯಾನ್, ಇಸಿಜಿ, ಎಕೋ, ಕುತ್ತಿಗೆಯ ರಕ್ತನಾಳದ ಡಾಪ್ಲರ್, ಶುಗರ್, ಕೊಲೆಸ್ಟ್ರಾಲ್ ಇವನ್ನು ಅವರು ಮಾಡಿಸುತ್ತಾರೆ. ಶುಗರ್ ತುಂಬಾ ಇಳಿದಾಗಲೂ ಮಾತು ಹೀಗೇ ಕೆಡಬಹುದು, ಅದನ್ನು ಮೊದಲೇ ನೋಡುತ್ತಾರೆ. ನೀವು ಕೊಡಬೇಕಾದದ್ದು ವಿವರ. "ಏನೇನೋ ಮಾತಾಡಿದರು" ಎನ್ನಬೇಡಿ. ಅವರು ಆಡಿದ ಪದವನ್ನೇ ಹೇಳಿ. "ಸಕ್ಕರೆ ಅನ್ನೋ ಬದಲು ಬಾಗಿಲು ಅಂದರು" ಎಂದ ತಕ್ಷಣ ಅಲ್ಲಿದ್ದ ಡಾಕ್ಟರು ತಲೆ ಎತ್ತಿ ನೋಡಿದ್ದು ನನಗೆ ನೆನಪಿದೆ. ಅವರು ಯಾವ ಕೈಯಲ್ಲಿ ಬರೆಯುತ್ತಾರೆ, ಮನೆಯಲ್ಲಿ ಯಾವ ಭಾಷೆ, ಮೊದಲೇ ಕಿವಿ ಮಂದವಿತ್ತೇ ಎಂಬುದನ್ನೂ ಹೇಳಿ.

ಡಿಸ್ಚಾರ್ಜ್ ಆಗುವ ಮೊದಲು ಎರಡು ಪ್ರಶ್ನೆ ಕೇಳಿ. ನುಂಗುವುದನ್ನು ಪರೀಕ್ಷೆ ಮಾಡಿದ್ದೀರಾ? ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಲು ಚೀಟಿ ಬರೆದುಕೊಡುತ್ತೀರಾ? ಕೈ ಕಾಲು ಚೆನ್ನಾಗಿದ್ದು ನಡೆದಾಡುವವರಿಗೆ ಈ ಚೀಟಿ ಸಿಗದೇ ಹೋಗುವುದುಂಟು. ನಮಗೂ ಸಿಕ್ಕಿರಲಿಲ್ಲ. "ನಡೀತಾರಲ್ಲ, ಆರಾಮಾಗಿದ್ದಾರೆ" ಎಂದು ಕಳಿಸಿದ್ದರು. ಎರಡು ತಿಂಗಳು ಸುಮ್ನೆ ಹೋಯಿತು.

ಹಂತ 3: ತೊಂದರೆ ಯಾವ ಬಗೆಯದು ಎಂದು ಗಮನಿಸಿ

"ಮಾತು ಬರುತ್ತಿಲ್ಲ" ಎನ್ನುವ ಒಂದೇ ಮಾತಿನೊಳಗೆ ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಇದನ್ನು ಕೊನೆಗೆ ತೀರ್ಮಾನಿಸುವುದು ಥೆರಪಿಸ್ಟ್. ಆದರೆ ದಿನವಿಡೀ ಜೊತೆಗಿರುವ ನೀವು ಕಂಡದ್ದನ್ನು ಅವರು ಕಾಣಲಾರರು. ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮೊದಲನೆಯದು ಭಾಷೆಯೇ ಪೆಟ್ಟು ತಿನ್ನುವುದು. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ನಡೆಯುವುದು ಮಿದುಳಿನ ಎಡಭಾಗದಲ್ಲಿ. 1861ರಲ್ಲಿ ಪ್ಯಾರಿಸ್‌ನ ಡಾಕ್ಟರ್ ಪಾಲ್ ಬ್ರೋಕಾ, "ಟಾನ್" ಎಂಬ ಒಂದೇ ಶಬ್ದ ಆಡಬಲ್ಲವನಾಗಿದ್ದ ರೋಗಿಯೊಬ್ಬ ತೀರಿಕೊಂಡ ಮೇಲೆ ಅವನ ಮಿದುಳಿನಲ್ಲಿ ಈ ಜಾಗವನ್ನು ಗುರುತಿಸಿದ್ದರು. ಆ ರೋಗಿಗೆ ಬೇರೆಯವರು ಹೇಳಿದ್ದು ಬಹಳಷ್ಟು ಅರ್ಥವಾಗುತ್ತಿತ್ತು.

ಕನ್ನಡದಲ್ಲಿ ಅಫೇಸಿಯಾ ಹೇಗೆ ಕೇಳಿಸುತ್ತದೆ? ಕೆಲವರಿಗೆ ಪದ ಸಿಗುವುದಿಲ್ಲ, "ಅದು, ಅದೇ, ಅದು" ಎನ್ನುತ್ತಾ ಕೈ ತಿರುಗಿಸುತ್ತಾರೆ. ಕೆಲವರ ವಾಕ್ಯದಿಂದ ಪ್ರತ್ಯಯಗಳು ಉದುರಿಹೋಗುತ್ತವೆ. "ಅಂಗಡಿಗೆ ಹೋಗಿ ಹಾಲು ತರುತ್ತೇನೆ" ಎನ್ನುವುದು "ಅಂಗಡಿ… ಹಾಲು… ತರು" ಆಗುತ್ತದೆ. ಕೆಲವರಲ್ಲಿ ಅಕ್ಷರಗಳು ಜಾಗ ಬದಲಾಯಿಸುತ್ತವೆ, ಮೆಣಸಿನಕಾಯಿ "ಮೆಸಣಿನಕಾಯಿ" ಆಗುತ್ತದೆ. ಇನ್ನು ಕೆಲವರು ಸರಾಗವಾಗಿ ಮಾತಾಡುತ್ತಾರೆ, ಆದರೆ ಅದರಲ್ಲಿ ವಿಷಯ ಇರುವುದಿಲ್ಲ: "ಅದನ್ನ ಅಲ್ಲಿ ಹಾಗೆ ಮಾಡಿ ಆಮೇಲೆ ಅದು ಬಂತಲ್ಲ". ಇವರಿಗೆ ನಮ್ಮ ಮಾತೂ ಸರಿಯಾಗಿ ಅರ್ಥವಾಗುತ್ತಿರುವುದಿಲ್ಲ. ತಾವು ತಪ್ಪಾಡಿದ್ದೂ ಗೊತ್ತಾಗುವುದಿಲ್ಲ. ಮನೆಯವರು "ಬುದ್ಧಿ ಭ್ರಮಣೆ" ಎಂದು ತಪ್ಪು ತಿಳಿಯುವುದು ಇಂಥವರನ್ನೇ. ಅಫೇಸಿಯಾದಲ್ಲಿ ಓದು, ಬರಹ, ಲೆಕ್ಕವೂ ಕೆಡಬಹುದು.

ಎರಡನೆಯದು ಡಿಸಾರ್ಥ್ರಿಯಾ. ಪದ ಸರಿಯಾಗಿಯೇ ಇದೆ, ಆಡುವ ಸ್ನಾಯುಗಳು ಸೋತಿವೆ. ಬಾಯಲ್ಲಿ ಬಿಸಿ ಬೋಂಡ ಇಟ್ಟುಕೊಂಡು ಮಾತಾಡಿದ ಹಾಗೆ ಕೇಳಿಸುತ್ತದೆ. ಗುರುತಿಸಲು ಒಂದು ಸುಳಿವು: ಇದೊಂದೇ ತೊಂದರೆ ಇರುವವರ ಕೈಗೆ ಪೆನ್ನು ಕೊಟ್ಟರೆ ತಪ್ಪಿಲ್ಲದೆ ಬರೆಯುತ್ತಾರೆ.

ಮೂರನೆಯದರಲ್ಲಿ ಪದ ಗೊತ್ತು, ಸ್ನಾಯುವೂ ಗಟ್ಟಿ. ಆದರೆ ಬಾಯನ್ನು ಹೇಗೆ ಆಡಿಸಬೇಕು ಎನ್ನುವ ಲೆಕ್ಕವೇ ತಪ್ಪಿರುತ್ತದೆ. ತುಟಿ ತಡಕಾಡುತ್ತದೆ. ಒಂದೇ ಪದ ಒಂದೊಂದು ಸಲ ಒಂದೊಂದು ರೀತಿ ಬರುತ್ತದೆ. ಇದು ಅಪ್ರಾಕ್ಸಿಯಾ, ಹೆಚ್ಚಾಗಿ ಅಫೇಸಿಯಾ ಜೊತೆಗೇ ಬರುತ್ತದೆ.

ನೋಟ್‌ಬುಕ್ಕಿನಲ್ಲಿ ಇದನ್ನೂ ಸೇರಿಸಿ: ನೀರು ಕುಡಿಯುವಾಗ ಕೆಮ್ಮು ಬರುತ್ತದೆಯೇ, ಕುಡಿದ ಮೇಲೆ ಗಂಟಲಲ್ಲಿ ನೀರು ನಿಂತ ಹಾಗೆ ದನಿ ಗೊರಗೊರ ಎನ್ನುತ್ತದೆಯೇ. ಹೌದಾದರೆ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಅವತ್ತೇ ಡಾಕ್ಟರಿಗೆ ಹೇಳಿ.

ಹಂತ 4: ಸ್ಪೀಚ್ ಥೆರಪಿಸ್ಟ್ ಹುಡುಕಿ, ತಡಮಾಡಬೇಡಿ

ಕರ್ನಾಟಕದಲ್ಲಿರುವವರ ಪುಣ್ಯ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಕನ್ನಡದಲ್ಲೇ ಪರೀಕ್ಷೆ, ಕನ್ನಡದಲ್ಲೇ ತರಬೇತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದಕ್ಕೇ ಒಂದು ವಿಭಾಗವಿದೆ. ದೂರದವರು ಹತ್ತಿರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ. ಪದೇಪದೇ ಹೋಗಿಬರಲು ಆಗದಿದ್ದರೆ ವಿಡಿಯೋ ಕಾಲ್‌ನಲ್ಲಿ ಮಾಡಿಸಬಹುದೇ ಎಂದು ಕೇಳಿ. ಹೊರದೇಶದಲ್ಲಿದ್ದು ಕನ್ನಡ ಬಲ್ಲ ಥೆರಪಿಸ್ಟ್ ಸಿಗದವರಿಗೂ ಇದೇ ದಾರಿ.

ಭಾಷೆಯ ವಿಷಯ ಒತ್ತಿ ಹೇಳಬೇಕು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್ ಆಡಿದವರು ನಮ್ಮಲ್ಲಿ ಎಷ್ಟೋ ಜನ. ಕೊಂಕಣಿ, ಬ್ಯಾರಿ, ಉರ್ದು, ತೆಲುಗು ಮನೆಗಳೂ ಹಾಗೇ. ಎಲ್ಲ ಭಾಷೆಗಳೂ ಒಂದೇ ಸಮ ಕೆಡಬೇಕೆಂದಿಲ್ಲ, ಒಂದೇ ವೇಗದಲ್ಲಿ ವಾಪಸ್ ಬರಬೇಕೆಂದೂ ಇಲ್ಲ. ಯಾವ ಭಾಷೆಯಲ್ಲಿ ಅವರು ಜಗಳ ಆಡುತ್ತಿದ್ದರು, ಯಾವುದರಲ್ಲಿ ಲೆಕ್ಕ ಮಾಡುತ್ತಿದ್ದರು ಎಂದು ಥೆರಪಿಸ್ಟ್‌ಗೆ ತಿಳಿಸಿ.

ಮೊದಲ ಮೂರು ತಿಂಗಳಲ್ಲಿ ಸುಧಾರಣೆ ಜೋರಾಗಿರುತ್ತದೆ. ಹಾಗಂತ ಆರು ತಿಂಗಳಾದ ಮೇಲೆ ಬಾಗಿಲು ಮುಚ್ಚಿತು ಎಂದರೆ ನಂಬಬೇಡಿ. ವರ್ಷಗಳಾದ ಮೇಲೂ ಪದಗಳು ಮರಳಿ ಬರುತ್ತವೆ, ನಿಧಾನವಾಗಿ.

ಹಂತ 5: ಮನೆಯಲ್ಲಿ ಮಾತಾಡುವ ರೀತಿ ಬದಲಿಸಿ

ಥೆರಪಿ ವಾರಕ್ಕೆ ಎರಡು ಮೂರು ಗಂಟೆ. ಮಿಕ್ಕ ಹೊತ್ತೆಲ್ಲ ಮನೆಯ ಮಾತೇ ಅಲ್ವಾ. ನಾವು ಹೆಚ್ಚು ತಪ್ಪಿದ್ದೂ ಇಲ್ಲೇ.

ಮೊದಲು ಟಿವಿ ಆರಿಸಿ, ಮಿಕ್ಸಿ ನಿಲ್ಲಿಸಿ. ಎದುರಿಗೆ ಕೂತು ಮುಖ ನೋಡಿ ಮಾತಾಡಿ. ಒಂದು ಸಲಕ್ಕೆ ಒಂದೇ ವಿಷಯ. "ತಿಂಡಿ ಆಯ್ತಾ, ಮಾತ್ರೆ ತಗೊಂಡ್ರಾ, ಅಣ್ಣ ಫೋನ್ ಮಾಡಿದ್ನಾ" ಎಂದು ಒಟ್ಟಿಗೆ ಸುರಿದರೆ ಮೂರಕ್ಕೂ ಉತ್ತರ ಸಿಗುವುದಿಲ್ಲ. ಜೋರಾಗಿ ಕಿರುಚಬೇಡಿ, ಅವರು ಕಿವುಡರಲ್ಲ. ಮಗುವಿನ ಜೊತೆ ಆಡುವ ಧಾಟಿಯೂ ಬೇಡ. ಅಪ್ಪನನ್ನು "ನೀವು" ಎನ್ನುತ್ತಿದ್ದ ನಮ್ಮ ನೆಂಟರೊಬ್ಬರು ಕಾಯಿಲೆ ಆದಮೇಲೆ "ಏನಪ್ಪಾ, ಊಟ ಮಾಡ್ತೀಯಾ" ಎನ್ನತೊಡಗಿದರು. ಅಪ್ಪ ಎದ್ದು ಒಳಗೆ ಹೋದರು. ಮಾತು ಕಷ್ಟವಾಗಿತ್ತು, ಮರ್ಯಾದೆ ಎಲ್ಲ ಅರ್ಥವಾಗುತ್ತಿತ್ತು.

ಆಮೇಲೆ ಕಾಯುವುದು. ನೀವು ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಹತ್ತು ಎಣಿಸಿ. ಹತ್ತು ಸೆಕೆಂಡ್ ಎಷ್ಟು ಉದ್ದ ಎಂದು ಅವತ್ತೇ ಗೊತ್ತಾಗುತ್ತದೆ. ನಾನು ಎರಡು ಸೆಕೆಂಡ್‌ಗೇ "ನೀರಾ? ಚಹಾನಾ? ಕನ್ನಡಕಾನಾ?" ಎಂದು ಪಟ್ಟಿ ಓದುತ್ತಿದ್ದೆ. ಅಪ್ಪ ಅರ್ಧ ಕಟ್ಟಿದ ಪದ ಅಲ್ಲೇ ಕುಸಿಯುತ್ತಿತ್ತು. ಥೆರಪಿಸ್ಟ್ ಒಂದು ದಿನ ನನ್ನನ್ನು ಪಕ್ಕದಲ್ಲಿ ಸುಮ್ಮನೆ ಕೂರಿಸಿ, ಅಪ್ಪನಿಗೆ "ಬೆಳಿಗ್ಗೆ ಏನು ತಿಂದ್ರಿ?" ಎಂದು ಕೇಳಿ ಕಾದರು. ಅಪ್ಪ ಬೆರಳನ್ನು ಮೇಜಿನ ಮೇಲೆ ಉಜ್ಜಿದರು, ದುಂಡಗೆ ಸುತ್ತಿಸಿದರು, "ಹೆಂಚು" ಅಂದರು, ತಲೆ ಅಲ್ಲಾಡಿಸಿದರು, "ದೋ… ದೋಸೆ" ಅಂದರು. ಎರಡು ತಿಂಗಳಲ್ಲಿ ಅಷ್ಟು ಹೊತ್ತು ಅವರಿಗೆ ಮಾತಾಡಲು ನಾವ್ಯಾರೂ ಬಿಟ್ಟಿರಲಿಲ್ಲ.

ಕಾದರೂ ಬರದಿದ್ದರೆ "ಸಹಾಯ ಮಾಡ್ಲಾ?" ಎಂದು ಕೇಳಿ. ಹೂಂ ಎಂದರೆ ಮಾತ್ರ ಮುಂದುವರಿಯಿರಿ. "ಊಟದ ವಿಷಯಾನಾ? ದುಡ್ಡಿನ ವಿಷಯಾನಾ?" ಎಂದು ದೊಡ್ಡದರಿಂದ ಸಣ್ಣದಕ್ಕೆ ಬನ್ನಿ. ಒಂದು ಎಚ್ಚರಿಕೆ: ಹೌದು, ಇಲ್ಲ ಎನ್ನುವುದೇ ಅದಲುಬದಲಾಗುವವರಿದ್ದಾರೆ. ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿ ಖಚಿತ ಮಾಡಿಕೊಳ್ಳಿ. ಮಾತ್ರೆ, ನೋವು, ದುಡ್ಡಿನ ವಿಷಯದಲ್ಲಂತೂ ಇದು ತಪ್ಪಬಾರದು.

ಅರ್ಥ ತಿಳಿದ ಮೇಲೆ ಉಚ್ಚಾರ ತಿದ್ದಬೇಡಿ. "ಮೆಸಣಿನಕಾಯಿ ಕೊಡು" ಎಂದರೆ ಮೆಣಸಿನಕಾಯಿ ಕೊಟ್ಟು, "ಮೆಣಸಿನಕಾಯಿ, ತಗೊಳ್ಳಿ" ಎಂದರೆ ಸಾಕು. ಅರ್ಥವಾಗದಿದ್ದರೆ ಆದ ಹಾಗೆ ನಟಿಸಬೇಡಿ. ಅವರಿಗೆ ಗೊತ್ತಾಗುತ್ತದೆ. "ನನಗೆ ಸಿಗಲಿಲ್ಲ, ಇನ್ನೊಂದು ಸಲ ಪ್ರಯತ್ನ ಮಾಡೋಣ" ಎನ್ನಿ. ಕೈ ಸನ್ನೆ, ಚಿತ್ರ, ಕ್ಯಾಲೆಂಡರ್, ಫೋನಿನ ಫೋಟೋ ಎಲ್ಲವೂ ಮಾತೇ. ಸನ್ನೆ ಮಾಡಿದರೆ ಮಾತು ಮರೆತುಹೋಗುತ್ತದೆ ಎನ್ನುವುದು ಸುಳ್ಳು.

ಹಂತ 6: ದಿನಕ್ಕೆ ಅರ್ಧ ಗಂಟೆ ಅಭ್ಯಾಸ

ಥೆರಪಿಸ್ಟ್ ಹೇಳಿಕೊಟ್ಟದ್ದೇ ಮುಖ್ಯ. ಅದರ ಜೊತೆ ಮನೆಯಲ್ಲಿ ಮಾಡಬಹುದಾದದ್ದು ಇದು. ಬೆಳಗಿನ ಹೊತ್ತು, ಸುಸ್ತಾಗುವ ಮೊದಲು, ಹದಿನೈದು ನಿಮಿಷದಂತೆ ಎರಡು ಸಲ.

ಅವರಿಗೆ ದಿನಾ ಬೇಕಾಗುವ ಇಪ್ಪತ್ತು ಪದ ಆರಿಸಿ. ಪುಸ್ತಕದ ಆನೆ, ಒಂಟೆ ಬೇಡ. ಅವರ ಊರು, ಮೊಮ್ಮಕ್ಕಳ ಹೆಸರು, ಅವರ ತಟ್ಟೆ, ಅವರ ಟವೆಲ್. ಪದ ಸಿಗದಿದ್ದಾಗ ಮೆಟ್ಟಿಲು ಮೆಟ್ಟಿಲಾಗಿ ನೆರವಾಗಿ. ಸೌಟು ತೋರಿಸಿ ಕಾಯಿರಿ. ಬರಲಿಲ್ಲವೇ? "ಅಡುಗೆಮನೆಯಲ್ಲಿ ಇರುತ್ತೆ, ಸಾರು ಬಡಿಸೋಕೆ ಬೇಕು" ಎನ್ನಿ. ಮತ್ತೆ ಕಾಯಿರಿ. "ಸಾರು ಬಡಿಸೋಕೆ ಒಂದು…" ಎಂದು ವಾಕ್ಯ ಅರ್ಧಕ್ಕೆ ಬಿಡಿ. ಆಮೇಲೆ ಮೊದಲ ಅಕ್ಷರ, "ಸೌ…". ಕೊನೆಗಷ್ಟೇ ಪೂರ್ತಿ ಪದ. ಹೇಳಿದ ಮೇಲೆ ಆ ಪದವನ್ನು ಊಟದ ಹೊತ್ತಲ್ಲಿ ನಿಜವಾಗಿ ಬಳಸುವ ಸಂದರ್ಭ ಮಾಡಿ.

ಒಂದರಿಂದ ಇಪ್ಪತ್ತು, ಸೋಮವಾರ ಮಂಗಳವಾರ, ದಿನಾ ಹೇಳುತ್ತಿದ್ದ ಶ್ಲೋಕ, ಹಾಡುತ್ತಿದ್ದ ದೇವರನಾಮ ಇವು ಎಷ್ಟೋ ಜನರಿಗೆ ಸರಾಗವಾಗಿ ಬರುತ್ತವೆ. ನಾಲ್ಕು ಪದ ಆಡಲಾಗದ ಅಪ್ಪ ಇಡೀ ದೇವರನಾಮ ಹಾಡಿದಾಗ ಅಮ್ಮ ಅತ್ತುಬಿಟ್ಟರು. ಇಲ್ಲೊಂದು ಮಾತು ತಿಳಿದಿರಲಿ. ಹಾಡು ಬಂತು ಎಂದಾಕ್ಷಣ ಮಾತು ಬಂತು ಎಂದಲ್ಲ. "ಹಾಡೋಕೆ ಬರುತ್ತೆ, ಮಾತಾಡೋಕೆ ಬರಲ್ವಾ" ಎಂದು ಚುಚ್ಚಬೇಡಿ. ಆದರೆ ರಾಗವನ್ನು ಏಣಿ ಮಾಡಿಕೊಳ್ಳುವ ಚಿಕಿತ್ಸೆಯೊಂದಿದೆ. "ನೀರು ಬೇಕು" ಎನ್ನುವುದನ್ನು ಎಡಗೈ ತಟ್ಟುತ್ತಾ ಎಳೆದು ಹಾಡಿ, ಬರುಬರುತ್ತಾ ರಾಗ ಕಡಿಮೆ ಮಾಡಿ ಮಾತಿಗೆ ಇಳಿಸುತ್ತಾರೆ. ಎಲ್ಲರಿಗೂ ಹೊಂದುವುದಿಲ್ಲ, ನಿಮ್ಮವರಿಗೆ ಆದೀತೇ ಎಂದು ಕೇಳಿನೋಡಿ.

ಡಿಸಾರ್ಥ್ರಿಯಾದ ತೊದಲು ಇರುವವರಿಗೆ ಬೇರೆ ದಾರಿ. ನೆಟ್ಟಗೆ ಕೂರುವುದು, ಉಸಿರು ತೆಗೆದುಕೊಂಡು ಶುರು ಮಾಡುವುದು, ಪದ ಪದ ಬಿಡಿಸಿ ನಿಧಾನಕ್ಕೆ ಹೇಳುವುದು, ಮೊದಲು ವಿಷಯ ಏನೆಂದು ಹೇಳಿ ಆಮೇಲೆ ಮಾತಾಡುವುದು.

ಬಜೆ ತೇಯ್ದು ನಾಲಿಗೆಗೆ ಹಚ್ಚಿ ಎಂದು ಹೇಳುವವರು ಬರುತ್ತಾರೆ. ಪೆಟ್ಟು ಬಿದ್ದಿರುವುದು ಮಿದುಳಿಗೆ. ನುಂಗಲು ಕಷ್ಟ ಇರುವವರ ಬಾಯಿಗೆ ಏನನ್ನಾದರೂ ಹಚ್ಚುವುದು ಅಪಾಯ.

ಹಂತ 7: ಮನೆಯ ಹೊರಗೆ

ಜೇಬಿನಲ್ಲಿ ಒಂದು ಚೀಟಿ ಇರಲಿ: "ನನಗೆ ಸ್ಟ್ರೋಕ್ ಆಗಿತ್ತು. ಮಾತಾಡಲು ಸಮಯ ಬೇಕು. ನಾನು ಕುಡಿದಿಲ್ಲ. ನಿಧಾನವಾಗಿ ಹೇಳಿದರೆ ಅರ್ಥವಾಗುತ್ತದೆ. ಮನೆಯವರ ಫೋನ್ ನಂಬರ್…" ಕುಡಿದಿಲ್ಲ ಎಂಬ ಸಾಲನ್ನು ಅಪ್ಪನೇ ಹಾಕಿಸಿದ್ದು. ಬಸ್ಸಿನಲ್ಲಿ ಏನಾಗಿತ್ತೋ, ನಮಗೆ ಹೇಳಲಿಲ್ಲ.

ಅಂಕಿಗಳು ಅದಲುಬದಲಾಗುವವರಾದರೆ ಫೋನಿನಲ್ಲಿ ದುಡ್ಡು ಕಳಿಸುವುದನ್ನು ಕೆಲವು ಕಾಲ ಜೊತೆಗೆ ಕೂತು ಮಾಡಿ. ಅವರಿಂದ ಕಿತ್ತುಕೊಳ್ಳಬೇಡಿ. ಗಾಡಿ ಓಡಿಸುವುದು ಡಾಕ್ಟರು ಹೇಳಿದ ಮೇಲೇ. ಫೋನ್ ಮಾತು ಎಲ್ಲಕ್ಕಿಂತ ಕಷ್ಟ, ಮುಖ ಕಾಣುವುದಿಲ್ಲವಲ್ಲ. ವಿಡಿಯೋ ಕಾಲ್ ವಾಸಿ.

ಅಫೇಸಿಯಾ ಶಾಶ್ವತವಾಗಿ ಉಳಿದರೆ ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮಾತು ಮತ್ತು ಭಾಷೆಯ ಅಂಗವೈಕಲ್ಯ ಎನಿಸಿಕೊಳ್ಳುತ್ತದೆ. ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು.

ಹಂತ 8: ಮನಸ್ಸು

ಮಾತು ಸಿಗದವರು ಮೆಲ್ಲಗೆ ಜನರಿಂದ ದೂರ ಸರಿಯುತ್ತಾರೆ. ಮದುವೆಗೆ ಬರುವುದಿಲ್ಲ, ಜಗಲಿಗೆ ಬರುವುದಿಲ್ಲ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದಕ್ಕೆ ಔಷಧಿಯೂ ಇದೆ, ಸಲಹೆಯೂ ಇದೆ. ಊಟ, ನಿದ್ದೆ ಕೆಟ್ಟಿದ್ದರೆ, ಬದುಕು ಸಾಕು ಎನ್ನುವ ಸೂಚನೆ ಕೊಟ್ಟರೆ ಡಾಕ್ಟರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರಿಗೂ ಆ ನಂಬರ್ ಇರುವುದು. ಅಮ್ಮನಿಗೆ ವಾರಕ್ಕೊಂದು ಸಂಜೆ ಬಿಡುವು ಕೊಡಬೇಕು ಎಂದು ನಮಗೆ ಹೊಳೆದದ್ದೇ ತಡವಾಗಿ.

ಹಂತ 9: ಮತ್ತೆ ಆಗದಂತೆ

ಬಿಪಿ, ಶುಗರ್, ಕೊಲೆಸ್ಟ್ರಾಲ್ ಹಿಡಿತದಲ್ಲಿರಬೇಕು. ಬೀಡಿ, ಸಿಗರೇಟು, ಹೊಗೆಸೊಪ್ಪು ಪೂರ್ತಿ ಬಿಡಬೇಕು. ಮತ್ತೆ ಹೆಪ್ಪು ಕಟ್ಟದಿರಲೆಂದು ಅನೇಕರಿಗೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಎಂಬ ಮಾತ್ರೆಯನ್ನು ಮೂರು ವಾರ ಕೊಟ್ಟು, ಆಮೇಲೆ ಒಂದನ್ನು ಮುಂದುವರಿಸುತ್ತಾರೆ. "ಮೂರು ವಾರ ಆಯ್ತು" ಎಂದು ಎರಡನ್ನೂ ನಿಲ್ಲಿಸಿಬಿಡುವವರಿದ್ದಾರೆ, ಹಾಗೆ ಮಾಡಬೇಡಿ. ಹೃದಯದ ಬಡಿತ ಏರುಪೇರಿದ್ದವರಿಗೆ ಬೇರೆ ಮಾತ್ರೆ ಬೇಕಾಗುತ್ತದೆ. ಕುತ್ತಿಗೆಯ ರಕ್ತನಾಳ ತುಂಬಾ ಕಿರಿದಾಗಿ ಆಪರೇಷನ್ ಬೇಕೆಂದರೆ ಎರಡು ವಾರದೊಳಗೆ ಮಾಡಿಸಿದರೆ ಲಾಭ ಜಾಸ್ತಿ.

ಇದ್ದ ತೊಂದರೆ ದಿಢೀರನೆ ಹೆಚ್ಚಾದರೆ "ಅವರದು ಮೊದಲಿಂದಲೂ ಹಾಗೇ" ಎನ್ನಬೇಡಿ. ಅದು ಹೊಸ ಸ್ಟ್ರೋಕ್ ಇರಬಹುದು, ಮತ್ತೆ ಹಂತ 1ಕ್ಕೆ ಹೋಗಿ. ನಮ್ಮ ಮನೆಯಲ್ಲಿ ಬೀರುವಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ: 108, ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಯ ಹೆಸರು, ಅಪ್ಪ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ. ಬರೆದದ್ದು ಅಪ್ಪನೇ, ಒಂದು ಮಧ್ಯಾಹ್ನವಿಡೀ ಕೂತು. ಆಸ್ಪತ್ರೆ ಎನ್ನುವಲ್ಲಿ ಒಂದು ಒತ್ತು ಬಿಟ್ಟುಹೋಗಿದೆ. ಅಮ್ಮ ಅದನ್ನು ಹಾಗೇ ಅಂಟಿಸಿದರು.